ಅವಳು ತೊಳೆದುಬಿಟ್ಟ ಗೋಡೆ

"ಇಳೀರಿ ಕೆಳಗೆ! ಮೊದಲು ಆ ಇಂಜಿನ್ ಆಫ್ ಮಾಡಿ!"

ಆ ಗದ್ದಲದಲ್ಲಿ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ. ಆದರೆ ಬುಲ್ಡೋಜರಿಗೂ ಗೋಡೆಗೂ ನಡುವೆ ಬಂದು ನಿಂತವಳನ್ನು ಕಾಣದಿರಲು ಯಂತ್ರದ ಮೇಲೆ ಕೂತವನೇನು ಕುರುಡನಲ್ಲವಲ್ಲ!

ಇಂಜಿನ್ ನಿಂತಿತು. ಧೂಳು ಮಾತ್ರ ಅವಳ ತಲೆ, ರೆಪ್ಪೆ, ಕೈಲಿದ್ದ ಬ್ರಶ್ಶು ಎಲ್ಲದರ ಮೇಲೂ ಬಂದು ಕೂತಿತು.

"ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಮಗೆ?" ಮೇಲಿನಿಂದ ಧುಮುಕಿದವನ ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು.

"ಈ ಗೋಡೆ ಮುಟ್ಟಿ ನೋಡಿ, ಆಮೇಲೆ ಹೇಳ್ತೀನಿ!"

"ಮೇಡಂ, ನನ್ನನ್ನ ಕರೆಸಿರೋದೇ ಈ ಹಳೇ ಜೈಲು ಒಡೆಯೋಕೆ. ಹೆಬ್ಬಾಗಿಲು, ಕಾವಲು ಗೋಪುರ ಎರಡನ್ನ ಉಳಿಸಿ ಅಂದಿದಾರೆ. ಮಿಕ್ಕಿದ್ದೆಲ್ಲ ನೆಲಸಮ."

"ಹೆಂಗಸರ ಬ್ಯಾರಕ್ಕಿಗೆ ಒಂದು ತಿಂಗಳು ತಡೆ ಸಿಕ್ಕಿದೆ. ಹಳೇ ಕಟ್ಟಡಗಳ ಸಮಿತಿಯೋರು ಬಂದು ನೋಡೋವರೆಗೂ ಒಂದು ಇಟ್ಟಿಗೇನೂ ಅಲ್ಲಾಡೋ ಹಾಗಿಲ್ಲ!"

ಅವನು ವಾದ ಮಾಡಲಿಲ್ಲ. ಅವಳ ಹೆಗಲಿನಾಚೆ ಆ ಗೋಡೆಯನ್ನೇ ನೋಡುತ್ತ ನಿಂತ. ಕಣ್ಣಿಗೆ ಧೂಳು ಬಿತ್ತೋ ಏನೋ, ಒರೆಸಿಕೊಂಡ.

"ಒಂದು ತಿಂಗಳು ತಾನೇ... ಆಗ್ಲಿ" ಎಂದು ಹೊರಟೇ ಹೋದ.

'ಅಯ್ಯೋ, ಇಷ್ಟೇನಾ? ಜಗಳಕ್ಕೆ ಅಂತ ಸೆರಗು ಕಟ್ಟಿ ಬಂದಿದ್ದೆನಲ್ಲ!' ಅವಳಿಗೆ ಒಂದು ಕ್ಷಣ ನಿರಾಸೆಯೇ ಆಯಿತು.

ಹಳೆಯ ಕಟ್ಟಡಗಳ ರಿಪೇರಿ ಅವಳ ಕೆಲಸ. ಯಾವಾಗಲೂ ಕೈಲಿ ಬ್ರಶ್ ಹಿಡಿದೇ ಓಡಾಡುವುದರಿಂದ ಕೂಲಿಯವರೆಲ್ಲ ಅವಳನ್ನು ಬ್ರಶ್ ಮೇಡಂ ಎನ್ನುತ್ತಿದ್ದರು. ಒಡೆಯುವ ಕಂಟ್ರಾಕ್ಟರಿಗೆ ಅವಳು ಮನಸ್ಸಿನಲ್ಲೇ ಬುಲ್ಡೋಜರ್ ಎಂದು ಹೆಸರಿಟ್ಟಳು.

ಜೈಲು ಮುಚ್ಚಿ ಹತ್ತು ವರ್ಷವಾಗಿತ್ತು. ಬಂದವರೆಲ್ಲ ಹೆಬ್ಬಾಗಿಲಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಹಿಂದುಗಡೆ ಮೂಲೆಯಲ್ಲಿದ್ದ ಹೆಂಗಸರ ಬ್ಯಾರಕ್ಕನ್ನು ನಾಯಿಯೂ ಮೂಸುತ್ತಿರಲಿಲ್ಲ. ಗಿಡ್ಡ ಹೆಂಚಿನ ಮಾಡು, ಒಂದೇ ಉದ್ದನೆಯ ಕೋಣೆ, ಕೈಗೆಟುಕದ ಎತ್ತರದಲ್ಲಿ ಕಿಟಕಿಗಳು. ಅದರ ಹಿಂದೆ ಸಣ್ಣಸಣ್ಣ ಮಣ್ಣಿನ ದಿಬ್ಬಗಳಿದ್ದ ಹುಲ್ಲುನೆಲ. ಒಳಗೇ ಸತ್ತು, ಹೆಣ ಕೇಳಲು ಯಾರೂ ಬರದ ಹೆಂಗಸರನ್ನು ಹೂಳುತ್ತಿದ್ದುದು ಅಲ್ಲಿ. ಒಂದು ಕಲ್ಲಿಲ್ಲ, ಒಂದು ಗುರುತಿಲ್ಲ. ಹೊಸ ನಕಾಶೆಯಲ್ಲಿ ಆ ಜಾಗ ಕಾರು ನಿಲ್ಲಿಸಲು ಮೀಸಲಾಗಿತ್ತು!

"ಬೀಗ ಹಾಕಿದೋರ ಕಟ್ಟಡ ಉಳಿಸ್ತೀರಿ, ಬೀಗದ ಒಳಗಿದ್ದೋರದ್ದು ಬೇಡ್ವಾ?" ಎಂದು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿ ತಂದ ತಡೆ ಅದು. ಬ್ಯಾರಕ್ ಹೋದರೆ ಹಿಂದಿನ ನೆಲವೂ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಬುಲ್ಡೋಜರ್ ಆ ತಿಂಗಳು ಪಕ್ಕದ ಕಾರ್ಖಾನೆ ಶೆಡ್ಡು ಕೆಡವುವ ಕೆಲಸಕ್ಕೆ ಇಳಿದ. ಮೂರನೇ ದಿನ ನೋಡಿದರೆ ಬ್ಯಾರಕ್ಕಿನ ಬಾಗಿಲಲ್ಲಿ ಒಡೆಯದ ಹಳೆ ಹೆಂಚುಗಳ ರಾಶಿ.

"ಇದ್ಯಾಕೆ ಇಲ್ಲಿ?"

"ನಿಮ್ಮ ಮಾಡು ಸೋರುತ್ತಲ್ಲ, ಹೊದಿಸ್ಕೊಳ್ಳಿ."

"ಒಡೆಯೋರು ದಾನ ಬೇರೆ ಮಾಡ್ತಾರಾ?"

"ಕಟ್ಟೋರು ಜಗಳ ಆಡ್ಬಹುದಂತೆ, ನಾವು ದಾನ ಮಾಡ್ಬಾರ್ದಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆ ಗಡ್ಡದ ಮುಖಕ್ಕೆ ನಗು ಇಷ್ಟು ಒಪ್ಪುತ್ತದೆಂದು ಯಾರು ಕಂಡಿದ್ದರು!

ಅಲ್ಲಿಂದ ಊಟದ ಡಬ್ಬಿಗಳು ಒಟ್ಟಿಗೆ ತೆರೆಯತೊಡಗಿದವು. ಅವನು ತಡವಾಗಿ ಬಂದ ದಿನ ಅವಳು ಡಬ್ಬಿ ತೆರೆಯದೇ ಕಾಯುತ್ತಿದ್ದಳು. ಉಂಡ ಮೇಲೆ ಅವನೊಬ್ಬನೇ ಬ್ಯಾರಕ್ಕಿನೊಳಗೆ ಹೋಗಿ ಕೂರುತ್ತಿದ್ದ. ಒಳಗೆ ತಂಪು, ವಿಶ್ರಾಂತಿಗೆ ಹೋಗುತ್ತಾನೆ ಎಂದುಕೊಂಡಿದ್ದಳು ಅವಳು.

ಒಂದು ದಿನ ಅವಳು ಅಂಗಳದ ಚಪ್ಪಡಿಯ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಅವನು ಕೈಹಿಡಿದು ಎಳೆದುಬಿಟ್ಟ.

"ಅಲ್ಲಿ ಬೇಡ! ಕೆಳಗೆ ಮೋರಿ ಇದೆ, ಕುಸಿಯುತ್ತೆ."

"ನಕಾಶೆಯಲ್ಲೇ ಇಲ್ಲ, ನಿಮಗೆ ಹೇಗೆ ಗೊತ್ತು?"

ಅವನು ಕೈಬಿಟ್ಟು ಮಾತು ಮರೆಸಿದ. ಅವಳ ಕೈ ಮಾತ್ರ ಸಂಜೆಯವರೆಗೂ ಬೆಚ್ಚಗಿತ್ತು.

ಮನೆಯಲ್ಲಿ ಇದನ್ನು ಹೇಳಿದಾಗ ಅವಳ ಅಣ್ಣ ತಲೆಯಾಡಿಸಿದ.

"ಜೈಲಿನ ಮೂಲೆಮೂಲೆ ಗೊತ್ತಿರೋರು ಎರಡೇ ಜಾತಿ ಕಣೇ. ಕಾಯೋರು, ಇಲ್ಲಾ ಕದ್ದೋರು. ಕಾಯೋನಾಗಿದ್ರೆ ಮೊದಲನೇ ದಿನಾನೇ ಹೇಳ್ಕೊಂಡು ಮೀಸೆ ತಿರುವ್ತಿದ್ದ."

"ಸುಮ್ನಿರಣ್ಣ!"

"ನಾನು ಸುಮ್ನಿರ್ತೀನಿ. ನೀನು ಒಂದು ಮಾತು ಕೇಳಿ ನೋಡು."

ಕೇಳಿದಳು. ಮರುದಿನ, ಡಬ್ಬಿ ತೆರೆಯುವ ಮೊದಲೇ.

"ನೀವು... ಈ ಜೈಲಲ್ಲಿ ಇದ್ರಾ?"

ಅವನು ಕೈಲಿದ್ದ ಡಬ್ಬಿ ಕೆಳಗಿಟ್ಟ.

"ಇದ್ದೆ. ಆರು ವರ್ಷ."

ಇನ್ನೊಂದು ಪ್ರಶ್ನೆ ಕೇಳುತ್ತಾಳೆಂದು ಅವನು ಕಾದ. ಯಾಕೆ, ಯಾವಾಗ, ಹೇಗೆ... ಯಾವುದಾದರೂ ಒಂದು. ಆದರೆ ಅವಳಿಗರಿವಿಲ್ಲದೆಯೇ ಅವಳ ಕೈ, ಪಕ್ಕದಲ್ಲಿದ್ದ ಬ್ಯಾಗನ್ನು ತನ್ನ ಮಡಿಲಿಗೆ ಎಳೆದುಕೊಂಡಿತು.

ಅವನು ಅದನ್ನು ನೋಡಿದ. ಎದ್ದು ಹೋದ.

ಆಮೇಲೆ ಅವನು ಊಟಕ್ಕೆ ಬರಲಿಲ್ಲ. ಅವಳೂ ಕರೆಯಲಿಲ್ಲ. ದಿಂಬಿಗೆ ಮುಖ ಒತ್ತಿ ಅತ್ತಳು, ಎದ್ದು ಕೆಲಸಕ್ಕೆ ಬಂದಳು. ಸಮಿತಿ ಬರಲು ವಾರವಷ್ಟೇ ಉಳಿದಿತ್ತು.

ಮಾಡು ಹೊದಿಸಿದ್ದಾಯಿತು, ಬಿರುಕು ಮುಚ್ಚಿದ್ದಾಯಿತು. ಒಳಗೋಡೆಯಲ್ಲಿ ಒಂದೇ ಒಂದು ಕೊರತೆ ಉಳಿದಿತ್ತು. ನೆಲದಲ್ಲಿ ಕೂತವರ ತಲೆಯೆತ್ತರಕ್ಕೆ ತಟ್ಟೆಯಗಲದ ಕಪ್ಪು ಜಿಡ್ಡು. ಎಷ್ಟು ಸಲ ಸುಣ್ಣ ಬಳಿದರೂ ಎಣ್ಣೆ ಮತ್ತೆ ಮೇಲಕ್ಕೆ ಇಣುಕಿತ್ತು. ಹಳೇ ಕಟ್ಟಡ ಕಾಪಾಡುವವರಿಗೆ ಕಲೆಯೆಂದರೆ ಕಾಯಿಲೆ. ಅವಳು ನುಣ್ಣನೆಯ ಜೇಡಿಮಣ್ಣು ಕಲಸಿ, ಕಲೆಯ ಮೇಲೆ ದಪ್ಪಗೆ ಮೆತ್ತಿದಳು. ಮಣ್ಣು ಒಣಗುತ್ತಾ ಜಿಡ್ಡು ಹೀರಿಕೊಳ್ಳುತ್ತದೆ; ಸುಲಿದು ಮತ್ತೆ ಮೆತ್ತಬೇಕು. ಮನಸ್ಸಿನ ನೋವನ್ನೆಲ್ಲ ಆ ಕೆಲಸದ ಮೇಲೆ ಸುರಿದಳು. ಕೊನೆಗೂ ಗೋಡೆ ಹಾಲಿನಂತೆ ಬೆಳ್ಳಗಾಯಿತು!

ಕೊನೆಯ ಮಣ್ಣಿನ ಹಕ್ಕಳೆ ಸುಲಿಯುತ್ತಿದ್ದಾಗ ಬಾಗಿಲಲ್ಲಿ ಅವನು.

"ಏನು... ಮಾಡಿದ್ರಿ?"

"ಜಿಡ್ಡಿತ್ತು, ತೆಗೆದೆ" ಎಂದಳು ಬಿಗುವಾಗಿ. "ಚೆನ್ನಾಗಿ ಹೋಯ್ತು."

ಅವನು ಗೋಡೆಯ ಬುಡಕ್ಕೆ ಬಂದು ಕೂತ. ಬಿದ್ದಿದ್ದ ಮಣ್ಣಿನ ಹಕ್ಕಳೆಯೊಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ.

"ಜಿಡ್ಡಲ್ಲ ಅದು. ನಮ್ಮಮ್ಮನ ತಲೆ."

ಅವಳ ಕೈಲಿದ್ದ ಬ್ರಶ್ ಜಾರಿತು.

"ನಾನು ಹುಟ್ಟಿದ್ದೇ ಇಲ್ಲಿ. ಅಮ್ಮ ಈ ಗೋಡೆಗೆ ತಲೆ ಒರಗಿಸಿ ಕೂತು ನನ್ನನ್ನ ಮಡಿಲಲ್ಲಿ ಮಲಗಿಸ್ಕೊಳ್ತಿದ್ಲು. ದಿನಾ ಅದೇ ಜಾಗ, ಆರು ವರ್ಷ. ಆರು ತುಂಬಿದ ಮೇಲೆ ಮಕ್ಕಳು ಒಳಗಿರೋ ಹಾಗಿಲ್ಲ, ಅನಾಥಾಶ್ರಮಕ್ಕೆ ಕಳಿಸಿದ್ರು. ಅದೇ ವರ್ಷ ಅವಳು ಹೋದ್ಲು. ಹೆಣ ಕೇಳೋಕೆ ಯಾರೂ ಬರ್ಲಿಲ್ಲವಂತೆ. ಯಾರು ಬರ್ಬೇಕಿತ್ತು? ನಾನೊಬ್ಬನೇ ಇದ್ದಿದ್ದು, ನನಗೆ ಹೇಳೋರೇ ಇರ್ಲಿಲ್ಲ."

"ನನಗೆ... ನನಗೆ ಗೊತ್ತಿರ್ಲಿಲ್ಲ..."

"ಫೋಟೋ ಇಲ್ಲ. ಮುಖ ನೆನಪಿಲ್ಲ. ಇದೊಂದಿತ್ತು. ಬೇರೆಯೋರ ಕೈಗೆ ಸಿಕ್ಕಿ ಪುಡಿಯಾಗೋದು ಬೇಡ, ನಾನೇ ಒಡೆದು ಅಷ್ಟು ಗಾರೆ ಮನೆಗೆ ತಗೊಂಡ್ಹೋಗೋಣ ಅಂತ ಈ ಕೆಲಸ ಹಿಡಿದೆ. ನೀವು ಅಡ್ಡ ನಿಂತ್ರಿ. ಇವಳೇ ಉಳಿಸ್ತಾಳೆ ಬಿಡು ಅಂತ ನಂಬಿದೆ..."

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. ಹಕ್ಕಳೆಗಳನ್ನೆಲ್ಲ ಆರಿಸಿ ಟವೆಲಿನಲ್ಲಿ ಕಟ್ಟಿಕೊಂಡು ಹಿಂದಿನ ಹುಲ್ಲುನೆಲಕ್ಕೆ ಹೋದ. ಬರಿಗೈಯಲ್ಲಿ ಗುಂಡಿ ತೋಡಿ, ಅದನ್ನು ಅಲ್ಲೇ ಹೂತ. ಅವಳು ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಳು. ಹತ್ತಿರ ಹೋಗುವ ಮುಖ ಅವಳಿಗಿರಲಿಲ್ಲ.

ವಾಪಸ್ಸು ಬರುತ್ತ ಅವನೇ ಹೇಳಿದ: "ಸಮಿತಿಯೋರು ಬೇಡ ಅಂದ ತಕ್ಷಣ ಒಡೀತೀನಿ. ಇನ್ನೇನಿದೆ ಇಲ್ಲಿ?"

ಸಮಿತಿ ಬಂತು. ಅಧ್ಯಕ್ಷೆ ಕನ್ನಡಕ ಸರಿಪಡಿಸಿಕೊಂಡು ಸುತ್ತ ನೋಡಿದರು. ಅಂಗಳದಲ್ಲಿ ಅವನ ಕೂಲಿಯವರೆಲ್ಲ ಕೆಲಸ ನಿಲ್ಲಿಸಿ ನಿಂತಿದ್ದರು. ಯಂತ್ರದ ಪಕ್ಕ ಅವನು.

"ಕೆಲಸ ಅಚ್ಚುಕಟ್ಟಾಗಿದೆ. ಆದ್ರೆ ಇಂಥ ಕೋಣೆ ಎಲ್ಲಾ ಕಡೆ ಇರುತ್ತಮ್ಮ. ಇದರಲ್ಲಿ ಏನು ವಿಶೇಷ?"

ಅವಳು ರಾತ್ರಿಯಿಡೀ ಬಾಯಿಪಾಠ ಮಾಡಿದ ಮಾತುಗಳಿದ್ದವು. ಹಳೇ ಗಾರೆ, ಅಪರೂಪದ ಮರಗೆಲಸ... ಒಂದೂ ಬಾಯಿಗೆ ಬರಲಿಲ್ಲ.

"ಇತ್ತು ಮೇಡಂ. ನಾನೇ ಹಾಳು ಮಾಡಿದೆ."

"ಏನು?"

"ಈ ಗೋಡೆಗೆ ಒಬ್ಬ ತಾಯಿ ಮಗೂನ ಮಲಗಿಸ್ಕೊಂಡು ವರ್ಷಗಟ್ಟಲೆ ತಲೆ ಒರಗಿಸಿದ್ಲು. ಅವಳ ತಲೆ ಎಣ್ಣೆ ಗುರುತು ಇತ್ತು. ಇಡೀ ಜೈಲಲ್ಲಿ ಅದಕ್ಕಿಂತ ದೊಡ್ಡದು ಯಾವುದೂ ಇರ್ಲಿಲ್ಲ. ನಾನು ಅದನ್ನ ಕೊಳೆ ಅಂದ್ಕೊಂಡು ತೊಳೆದುಬಿಟ್ಟೆ." ಅವಳು ಕೈಲಿದ್ದ ಬ್ರಶ್ಶನ್ನು ನೆಲಕ್ಕಿಟ್ಟಳು. "ನನ್ನ ಕೆಲಸ ಕಿತ್ಕೊಳ್ಳಿ. ಆದ್ರೆ ಕೋಣೆ ಒಡೀಬೇಡಿ."

"ಯಾರ ತಾಯಿ? ಯಾರು ಹೇಳಿದ್ದು ನಿಮಗೆ?"

ಅವಳು ಅಂಗಳದತ್ತ ತಿರುಗಿಯೂ ನೋಡಲಿಲ್ಲ. "ಅದನ್ನ ಹೇಳೋ ಹಕ್ಕು ನನಗಿಲ್ಲ."

"ಗುರುತೂ ಇಲ್ಲ, ಸಾಕ್ಷೀನೂ ಇಲ್ಲ ಅಂದ್ರೆ ನಾವೇನಮ್ಮ ಮಾಡೋದು?" ಅಧ್ಯಕ್ಷೆ ನಿಟ್ಟುಸಿರು ಬಿಟ್ಟರು. "ಒಡೀಲಿ ಬಿಡಿ."

"ಸಾಕ್ಷಿ ಇದೆ."

ಅವನು! ಬಾಗಿಲು ತುಂಬಿ ನಿಂತಿದ್ದ. ಹಿಂದೆ ಕೂಲಿಯವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಇಷ್ಟು ವರ್ಷ ಯಾರಿಗೂ ತಿಳಿಯದ ಹಾಗೆ ಹೊಟ್ಟೆಯೊಳಗಿಟ್ಟುಕೊಂಡದ್ದನ್ನು ಅವನು ಎಲ್ಲರೆದುರು ಹೊರಗಿಟ್ಟ.

"ನಾನೇ ಆ ಮಗು. ಈ ಕೋಣೇಲಿ ಹುಟ್ಟಿದೋನು. ನಮ್ಮಮ್ಮ ಕೈದಿ. ಹಿಂದುಗಡೆ ಮಣ್ಣಲ್ಲಿ ಮಲಗಿದಾಳೆ. ಅಲ್ಲಿ ಕಾರು ನಿಲ್ಲಿಸ್ತೀರಾ?"

ಅಧ್ಯಕ್ಷೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು.

"ಹಿಂದಿನ ಜಾಗಕ್ಕೆ ಯಂತ್ರ ಇಳೀಬಾರದು" ಎಂದರು ಕೊನೆಗೆ. "ಬ್ಯಾರಕ್ ಇರ್ಲಿ. ನಾನು ಬರೆದು ಕೊಡ್ತೀನಿ."

ಗೆದ್ದರು ಎನ್ನಬೇಕೇ? ಅವನ ಬೆನ್ನ ಹಿಂದೆ ಗುಸುಗುಸು ಆಗಲೇ ಶುರುವಾಗಿತ್ತು. 'ಜೈಲಲ್ಲಿ ಹುಟ್ಟಿದೋನಂತೆ...' ಮರುದಿನ ಅವನ ಕೂಲಿಯವರಲ್ಲಿ ಅರ್ಧ ಜನ ಬರಲಿಲ್ಲ. ಹಾಲುಬಿಳಿ ಗೋಡೆ ಹಾಲುಬಿಳಿಯಾಗಿಯೇ ಉಳಿಯಿತು.

ಮಧ್ಯಾಹ್ನ ಅವಳು ಹುಲ್ಲುನೆಲಕ್ಕೆ ಹೋದಳು. ಅವನು ಅಂಚಿನಲ್ಲಿ ಕುಳಿತಿದ್ದ. ಒಂದು ಮಾರು ದೂರದಲ್ಲಿ ತಾನೂ ಕುಳಿತಳು.

"ಗೋಡೆ ತೊಳೆದದ್ದಕ್ಕೆ ಕ್ಷಮೆ ಕೇಳಲ್ಲ. ಅದಕ್ಕೆ ಕ್ಷಮೆ ಇಲ್ಲ, ನಂಗೊತ್ತು. ಆದ್ರೆ ಅವತ್ತು ಬ್ಯಾಗ್ ಹತ್ರ ಎಳ್ಕೊಂಡೆನಲ್ಲ... ಅದಕ್ಕೆ ಮಾತ್ರ ಕ್ಷಮಿಸಿ."

"ಗೋಡೆ ನೆನೆಸ್ಕೊಂಡ್ರೆ ಇನ್ನೂ ಹೊಟ್ಟೆ ಉರಿಯುತ್ತೆ. ಸುಳ್ಳು ಹೇಳಲ್ಲ" ಎಂದ ಅವನು. ಅವಳ ಕಡೆ ತಿರುಗಿ, "ನಿಮ್ಮನ್ನ ನೋಡದೆ ಇದ್ರೆ ಇನ್ನೂ ಜಾಸ್ತಿ ಉರಿಯುತ್ತೆ. ಅದಕ್ಕೇನು ಮಾಡ್ಲಿ?"

ಅವಳು ಅಳತೊಡಗಿದಳು. "ನಂಗೂ ಅಷ್ಟೇ. ನೀವಿಲ್ದೆ ನಂಗಾಗಲ್ಲ. ಅಣ್ಣ ಬೈಲಿ, ಊರು ನಗಲಿ."

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು.

"ಅಮ್ಮ ಇರೋದು ಯಾವ ಕಡೆ?"

"ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಅವಳು ಎದ್ದು ಚಪ್ಪಲಿ ಬಿಟ್ಟಳು. ಮೊದಲ ದಿಬ್ಬದ ಮುಂದೆ ಕೈಮುಗಿದು ಏನೋ ಪಿಸುಗುಟ್ಟಿದಳು. ಮುಂದಿನದರ ಮುಂದೆ ಮತ್ತೆ ಬಾಗಿದಳು. ಅದರ ಮುಂದಿನದಕ್ಕೂ...

"ಏನು ಮಾಡ್ತಿದೀರಿ?"

"ಯಾವುದು ಅಂತ ಗೊತ್ತಿಲ್ವಲ್ಲ. ಅದಕ್ಕೇ ಎಲ್ಲರಿಗೂ ಹೇಳ್ತಿದೀನಿ. ಅತ್ತೇ, ನಿಮ್ಮ ಸೊಸೆ ಬಂದಿದೀನಿ ಅಂತ."

ಅವನ ಕಣ್ಣು ತುಂಬಿ ಹರಿಯಿತು. ಅದರ ನಡುವೆಯೇ ಹೇಗೋ ನಗು ಬಂತು.

"ಒಬ್ಬ ಅತ್ತೆ ಜೊತೆ ಏಗೋದೇ ಕಷ್ಟ ಅಂತಾರೆ. ಇಲ್ಲಿ ಎಷ್ಟು ಜನ ಇದಾರೋ..."

"ಇರ್ಲಿ ಬಿಡಿ" ಎಂದಳು ಅವಳು, ಮುಂದಿನ ದಿಬ್ಬದತ್ತ ನಡೆಯುತ್ತ. "ಇವರನ್ನ ಕೇಳ್ಕೊಂಡು ಇಷ್ಟು ವರ್ಷ ಯಾರೂ ಬಂದಿಲ್ಲ. ನಾನು ಎಲ್ಲರಿಗೂ ಸೊಸೆ ಆಗ್ತೀನಿ."