ಐಡಹೊದಲ್ಲಿ ಕೊಂಡ ಉಂಗುರ

ಶನಿವಾರ ಬಂತೆಂದರೆ ನನಗೆ ವಾಕರಿಕೆ. ನಾನು ಕೆಲಸ ಮಾಡುವ ಈರುಳ್ಳಿ ಶೆಡ್ಡಿನ ಕೊಳೆತ ವಾಸನೆ ಒಂದು ಕಡೆ, ಐಡಹೊ ಗಾಡಿಗಳ ಸಾಲು ಇನ್ನೊಂದು ಕಡೆ. ನಮ್ಮ ಆರೆಗಾನ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಸ್ನೇಕ್ ನದಿಯಾಚೆಯ ಐಡಹೊ ರಾಜ್ಯದಲ್ಲಿ ಇದೆ. ಹಾಗಾಗಿ ಆ ದಡದವರು ವಾರವಿಡೀ ನಮ್ಮನ್ನು ಬೈದು, ಶನಿವಾರ ಬಂದು ಟಿವಿ, ಟೈರು, ಡೈಪರ್ ತುಂಬಿಕೊಂಡು ಹೋಗುತ್ತಾರೆ. ಥೂ, ನಾಚಿಕೆಗೆಟ್ಟವರು!

ಜನಗಣತಿಯವರು ಮಾತ್ರ ಎರಡೂ ದಡ ಸೇರಿಸಿ ಒಂದೇ ಪ್ರದೇಶವೆಂದು ಎಣಿಸುತ್ತಾರೆ. ಈಚೆ ಮೆಕ್ಸಿಕೋ ಮೂಲದ ನಮ್ಮಂಥವರು, ಜಪಾನಿ ರೈತರು, ಸ್ಪೇನ್ ಕಡೆಯಿಂದ ಕುರಿ ಕಾಯಲು ಬಂದು ನೆಲೆಸಿದ ಬಾಸ್ಕರು. ಆಚೆ ಹೆಚ್ಚಿನವರು ಬಿಳಿಯರು. ಎಣಿಸಿದವರು ಒಂದು ಸಲ ನಮ್ಮನ್ನೆಲ್ಲ ಒಟ್ಟಿಗೆ ಊಟಕ್ಕೆ ಕೂರಿಸಿ ನೋಡಬೇಕಿತ್ತು.

ಆ ಸಾಲಿನಲ್ಲೇ ಗ್ಯಾರೆತ್ ಬರುತ್ತಾನೆ, ಎರಡು ವರ್ಷದಿಂದ ನನ್ನವನು. ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ಅದನ್ನು ನೋಡಿಯೇ ನಾನು ಹಾಳಾದದ್ದು.

"ಈ ವಾರ ಏನು ಒಯ್ಯೋಕೆ ಬಂದೆ?"

"ನಿನ್ನ ನೋಡೋಕೆ ಬಂದೆ, ನೊಯೆಮಿ."

"ಹೌದೌದು. ಟ್ರಕ್ಕಲ್ಲಿರೋ ವಾಷಿಂಗ್ ಮೆಷೀನ್ ದೇವದೂತರು ಇಟ್ಟು ಹೋದ್ರಾ?"

"ಅದು ಅಮ್ಮಂಗೆ..." ಎಂದು ಓರೆಗಣ್ಣಲ್ಲಿ ನೋಡಿ ನಕ್ಕ. ನಾನು ನಗಲಿಲ್ಲ. ಈಚೆ ಗಾಂಜಾ ಅಂಗಡಿಗೆ ಕಾನೂನಿನ ಒಪ್ಪಿಗೆ ಇದೆಯೆಂದು ನಮ್ಮನ್ನು 'ಗಾಂಜಾ ದಡದವರು' ಎನ್ನುವ ಆ ತಾಯಿಯ ಮನೆಗೆ ಇವನು ನನ್ನನ್ನು ಒಮ್ಮೆಯೂ ಕರೆದಿರಲಿಲ್ಲ.

"ನಿಮ್ಮೂರಲ್ಲಿ ಒಬ್ರಿಗಾದ್ರೂ ನನ್ನ ಹೆಸರು ಗೊತ್ತಾ?"

ಅವನು ಬೂಟು ನೋಡಿಕೊಂಡ. "ಸಮಯ ನೋಡಿ ಹೇಳ್ತೀನಿ ಮಾರಾಯ್ತಿ."

"ಸಾಮಾನಿನ ಜೊತೆ ನಾನೂ ಈಚೆ ದಡದಲ್ಲಿ ಅಗ್ಗಕ್ಕೆ ಸಿಕ್ಕಿದೆ ಅಲ್ವಾ? ಅಸಹ್ಯ ಆಗುತ್ತೆ ನಿನ್ನ ನೋಡಿದ್ರೆ. ಹೋಗು!"

ಹೋದ. ಹೋಗು ಅಂದ ತಕ್ಷಣ ಹೋದೇಬಿಟ್ಟನಲ್ಲ ಎಂದು ವಾರವಿಡೀ ಈರುಳ್ಳಿಯ ನೆಪದಲ್ಲಿ ಅತ್ತೆ.

ಮುಂದಿನ ಶನಿವಾರ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಜೇಬಿನಿಂದ ಉಂಗುರದ ಡಬ್ಬಿ ತೆಗೆದ. ನನಗೆ ಮೈಯೆಲ್ಲ ಉರಿಯಿತು.

"ಇದನ್ನೂ ಈಚೆಗೇ ಬಂದು ಟ್ಯಾಕ್ಸ್ ಉಳಿಸಿ ತಗೊಂಡ್ಯಾ?"

"ಇಲ್ಲ. ನಮ್ಮೂರಲ್ಲೇ ತಗೊಂಡೆ."

ಈರುಳ್ಳಿ ಆರಿಸುತ್ತಿದ್ದ ನನ್ನ ಚಿಕ್ಕಮ್ಮ ಚೆಲಾ ಅಲ್ಲಿಂದಲೇ ಕೂಗಿದಳು: "ಟ್ಯಾಕ್ಸ್ ಕೊಟ್ಟು ತಗೊಂಡ್ನಾ? ಸೇತುವೆ ಇಲ್ಲೇ ಇರುವಾಗ? ತಲೆ ಕೆಟ್ಟಿದೆಯಾ ಇವನಿಗೆ!"

ಗ್ಯಾರೆತ್ ನನ್ನನ್ನೇ ನೋಡುತ್ತಿದ್ದ. "ಅಂಗಡಿಯ ಡೋರೀನ್, ನಮ್ಮಮ್ಮನ ಚರ್ಚ್ ಗೆಳತಿ. ಯಾರಿಗಪ್ಪಾ ಉಂಗುರ ಅಂದ್ಳು. ನದಿಯಾಚೆ ಈರುಳ್ಳಿ ಶೆಡ್ಡಿನ ನೊಯೆಮಿ ಅರೆದೊಂದೊ ಅನ್ನೋಳಿಗೆ ಅಂದೆ. ಅಂಗಡೀಲಿ ಇದ್ದವರಿಗೆಲ್ಲ ಕೇಳೋ ಹಾಗೆ ಅಂದೆ."

"ನಿಮ್ಮಮ್ಮ?"

"ನಾನು ಮನೆ ಮುಟ್ಟೋ ಮೊದ್ಲೇ ಸುದ್ದಿ ಮುಟ್ಟಿತ್ತು. ನನ್ನ ಬಟ್ಟೆಬರೆ ಬ್ಯಾಗಿಗೆ ತುಂಬಿ ಹೊರಗಿಟ್ಟಿದ್ಲು."

ಟ್ರಕ್ಕಿನಲ್ಲಿ ಆ ಒಂದು ಬ್ಯಾಗು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಹೆಂಗಸಿನ ಮೇಲೆ ಹೇಸಿಗೆ ಉಕ್ಕಿತು. ಇವನ ಮೇಲೆ ಉಕ್ಕಿದ್ದು ಅದಲ್ಲ.

ಕೈಗವಸು ಕಳಚಿದೆ. "ಕೈ ನಾರುತ್ತೆ."

"ನಾರ್ಲಿ, ಕೊಡು." ಬೆರಳು ಹಿಡಿದು ಉಂಗುರ ತೊಡಿಸಿದ.

ಚಿಕ್ಕಮ್ಮ ಮೂಗೊರೆಸಿಕೊಂಡು, ಟ್ಯಾಕ್ಸ್ ಕೊಟ್ಟಿದ್ದಕ್ಕೆ ಇವನನ್ನು ಮತ್ತೆ ಬೈಯತೊಡಗಿದಳು. ನಾನು ಟ್ರಕ್ಕಿನಿಂದ ಬ್ಯಾಗು ಇಳಿಸಿ ಅವನ ಕೈಗೆ ಕೊಟ್ಟೆ.

"ನಡಿ ನಮ್ಮನೆಗೆ. ಇನ್ಮೇಲೆ ಹಿತ್ತಲಿಂದ ನುಸುಳಬೇಡ, ಮುಂಬಾಗಿಲಿಂದ ಬಾ. ಬೀದಿಯವರೆಲ್ಲ ನೋಡ್ಲಿ."