ಒಬ್ಬರಿಗಾಗುವ ಬಿವಿ

"ಬಿವಿ ಸಿಗ್ತಾವೇನ್ರಿ?"

ಸ್ನೇಹಲ ಹೊಲಿಗೆ ಮಷಿನ್ ನಿಲ್ಲಿಸಿ ತಲೆಯೆತ್ತಿದಳು. ನಿಪ್ಪಾಣಿಯಲ್ಲಿ ಟಾರ್ಪಾಲಿನ್ ಹೊಲಿದು ಮಾರುವ ಅವಳ ಅಪ್ಪನ ತಾಡಪತ್ರಿ ಅಂಗಡಿಯ ಬಾಗಿಲಲ್ಲಿ ಒಬ್ಬ ಉದ್ದನೆಯ ಹುಡುಗ ನಿಂತಿದ್ದ. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ಕಣ್ಣು ಮಾತ್ರ ಚೆನ್ನಾಗಿದ್ದವು, ಅದೇ ಅವಳಿಗೆ ಮೊದಲು ಸಿಟ್ಟು ತರಿಸಿದ ವಿಷಯ.

"ಏನಂದ್ರಿ?"

"ಬಿವಿರಿ. ಸಿಂಗಲ್. ಭಾಳ ವಜ್ಜಿ ಇರಬಾರದು, ಹೆಗಲ ಮ್ಯಾಲ ಹೊತ್ಕೊಂಡು ಗುಡ್ಡಾ ಏರೂದೈತಿ. ಎರಡ ಮೂರ ತೋರಸ್ರಿ, ನೋಡಿ ಆರಸ್ತೀನಿ."

ಕನ್ನಡ, ಮರಾಠಿ, ಹಿಂದಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಊರು ನಿಪ್ಪಾಣಿ. ಇಲ್ಲಿ ಬೀವಿ ಅಂದರೆ ಹೆಂಡತಿ. ತಾಡಪತ್ರಿಯ ಅಳತೆ ಕೊಡಲು ಬಂದಿದ್ದ ಧರೆಪ್ಪಜ್ಜ ಟವೆಲ್ ಸರಿಮಾಡಿಕೊಂಡು, ತಮಾಷೆ ನೋಡಲು ಬಾಕಿನ ಮೇಲೆ ಕುಳಿತೇಬಿಟ್ಟ.

ಸ್ನೇಹಲ ಕಬ್ಬಿಣದ ಅಳತೆಪಟ್ಟಿ ಕೈಗೆತ್ತಿಕೊಂಡಳು. "ಮನ್ಯಾಗ ಅಕ್ಕತಂಗೇರ ಇಲ್ಲೇನ್ರಿ ನಿಮಗ?"

"ಅದಾರ್ರಿ. ಆದ್ರ ಅವರಿಗೆ ಬ್ಯಾಡಾ, ನನಗ ಬೇಕು."

ಪಟ್ಟಿ ಕೌಂಟರಿನ ಮೇಲೆ ಬಿದ್ದ ಸದ್ದಿಗೆ ಪಕ್ಕದ ಅಂಗಡಿಯವರೂ ಇಣುಕಿದರು. ಆಗಲೇ ಅವನಿಗೆ ತನ್ನ ಮಾತು ಕೇಳಿಸಿದ್ದು. ಕಿವಿಯವರೆಗೆ ಕೆಂಪಾಗಿ, ಫೋನ್ ತೆಗೆದು ಚಿತ್ರ ತೋರಿಸಿದ. ಮಲಗುವ ಚೀಲದ ಮೇಲೆ ಹಾಕಿಕೊಳ್ಳುವ, ನೀರು ತಡೆಯುವ ಉದ್ದನೆಯ ಹೊದಿಕೆ. ಡೇರೆ ಹಾಕಲಾಗದ ಕಡೆ ಒಬ್ಬನೇ ಅದರೊಳಗೆ ತೂರಿಕೊಂಡು ಮಲಗಬೇಕು. ಅದರ ಹೆಸರೇ ಬಿವಿ ಸ್ಯಾಕ್.

"ಗೊತ್ತಿಲ್ಲಂದ್ರ 'ಟ್ರೆಕ್ಕಿಂಗ್ ಸಾಮಾನು ಸಿಗುತ್ತವೆ' ಅಂತ ಬೋರ್ಡ್ ಯಾಕ ಹಾಕೀರಿ?" ಎಂದ, ನಾಚಿಕೆ ಮುಚ್ಚಿಕೊಳ್ಳಲು.

"ಚೀಲಾ ಅನ್ನಾಕ ಬಾಯಿ ಬರೂದಿಲ್ಲಂದ್ರ ಅಂಗಡಿಗ್ಯಾಕ ಬರ್ತೀರಿ?" ಎಂದಳು ಅವಳು.

ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ಭಾವುಸಾಹೇಬರ ಅಂಗಡಿಗೆ ಶಿರಗುಪ್ಪಿಯ ಹುಡುಗನೊಬ್ಬ ಹಗುರವಾದ ಹೆಂಡತಿ ಕೇಳಿಕೊಂಡು ಬಂದಿದ್ದನಂತೆ. ಅಪ್ಪ ಭಾವುಸಾಹೇಬರು ಊಟಕ್ಕೆ ಕೂತಲ್ಲೇ ನಗುತ್ತಿದ್ದರು. ಸ್ನೇಹಲ ನಗಲಿಲ್ಲ. ಟ್ರೆಕ್ಕಿಂಗ್ ಸಾಮಾನಿನ ಆ ಒಂದು ಕಪಾಟನ್ನು ಅವಳು ಜಗಳವಾಡಿ ಇಡಿಸಿದ್ದಳು. ಗೊತ್ತಿಲ್ಲ ಅನ್ನಿಸಿಕೊಂಡದ್ದೇ ಅವಳಿಗೆ ನಾಟಿತ್ತು. ಮರುದಿನವೇ ಎರಡು ಬಿವಿ ತರಿಸಲು ಆರ್ಡರ್ ಹಾಕಿದಳು.

ಹುಡುಗನ ಹೆಸರು ಸಮ್ಮೇದ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ರಜೆ ಸಿಕ್ಕಿತೆಂದರೆ ಸಹ್ಯಾದ್ರಿಯ ಕಡಿದಾದ ಬಂಡೆ ಹತ್ತುವುದು. ಮುಂದಿನ ತಿಂಗಳು ಗೆಳೆಯನೊಬ್ಬನ ಜೊತೆ ಹಿಮಾಚಲದಲ್ಲಿ ಒಂದು ಗೋಡೆಯಂಥ ಬೆಟ್ಟ ಹತ್ತಲಿದ್ದ. ನಡುವೆ ಒಂದು ರಾತ್ರಿ ಕಟ್ಟೆಯಷ್ಟು ಅಗಲದ ಕಲ್ಲಿನ ಮೇಲೆ, ಹಗ್ಗ ಕಟ್ಟಿಕೊಂಡೇ ಮಲಗಬೇಕಿತ್ತು. ಒಳಗಿನ ಬಟ್ಟೆ ಒದ್ದೆಯಾದರೆ ಆ ಚಳಿಯಲ್ಲಿ ಬೆಳಗು ಕಾಣುವುದು ಕಷ್ಟ. ಇದನ್ನೆಲ್ಲ ಅವನು ಮೊದಲ ಸಲವೂ ಸೇರಿ ಮೂರು ಭಾನುವಾರ ಬಂದು, ಮೂರು ಸಲ ಜಗಳ ಮಾಡಿ ಹೇಳಿದ್ದ.

ನಾಲ್ಕನೆಯ ಭಾನುವಾರ ಚೀಲಗಳು ಬಂದಿದ್ದವು.

"ಮಲಗ್ರಿ," ಎಂದಳು ಸ್ನೇಹಲ, ನೆಲ ತೋರಿಸಿ.

"ಇಲ್ಲೇ? ಮಂದಿ ನೋಡ್ತಾರ್ರಿ."

"ಬೀವಿ ಕೇಳುಮುಂದ ನಾಚಿಕಿ ಎಲ್ಲಿಗೆ ಹೋಗಿತ್ತು?"

ಅವನು ಮಲಗಿದ. ಅವಳು ಗಂಟಲವರೆಗೆ ಜಿಪ್ ಎಳೆದಳು. ಬೇಕಾದ್ದಕ್ಕಿಂತ ಜೋರಾಗಿಯೇ ಎಳೆದಳು. ಅಷ್ಟು ಹತ್ತಿರದಿಂದ ಆ ಕಣ್ಣು ಅವಳನ್ನು ನೋಡಿದವು, ಅವಳು ಸುಮ್ಮನೆ ಹೊಲಿಗೆ ನೋಡಿದಳು. ಹೊಲಿಗೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಇದ ಆಗ್ತೈತ್ರಿ. ನಾಕನೂರ ಗ್ರಾಂ, ಅಗದಿ ಹಗುರ."

"ಇದು ಬ್ಯಾಡ." ಅವಳು ಬಿಸಿ ಚಹಾದ ಗ್ಲಾಸಿನ ಬಾಯಿಗೆ ಆ ಚೀಲದ ಬಟ್ಟೆ ಬಿಗಿದು ಹಿಡಿದಳು. ಹಬೆ ಹೊರಗೆ ಬರಲೇ ಇಲ್ಲ, ಒಳಮೈಗೆ ಹನಿಯಾಗಿ ಕಟ್ಟಿತು. ಎರಡನೆಯ ಚೀಲದ ಬಟ್ಟೆ ಬಿಗಿದಳು. ಹಬೆ ತೆಳ್ಳಗೆ ಮೇಲೆದ್ದಿತು. "ನೋಡಿದ್ರೇನ್ರಿ? ಮೊದಲಿಂದು ಉಸರಾಡೂದಿಲ್ಲ. ನಿಮ್ಮ ಬೆವರ ನಿಮ್ಮ ಮ್ಯಾಲ ಬೀಳ್ತೈತಿ. ಇದಕ್ಕ ಮುಖದ ಮ್ಯಾಲ ಕಮಾನೂ ಐತಿ, ಬಟ್ಟಿ ಮಾರಿಗೆ ಬಡಿಯೂದಿಲ್ಲ."

"ಅದು ಇನ್ನೂರೈವತ್ತ ಗ್ರಾಂ ಹೆಚ್ಚ ಐತಿ."

"ಪಾವಕಿಲೋ ಬದನಿಕಾಯಿ! ಅಷ್ಟಕ್ಕ ಜೀವಾ ಕೊಡ್ತೀರೇನ್ರಿ?"

"ಗುಡ್ಡಾ ಏರಾವ ನಾನೋ ನೀವೋ? ತಾಡಪತ್ರಿ ಹೊಲದಂಗಲ್ಲ ಇದು."

ಸ್ನೇಹಲ ಎರಡೂ ಚೀಲ ಸುತ್ತಿ ಕಪಾಟಿಗೆ ತುರುಕಿದಳು. "ನಾ ಮಾರೂದಿಲ್ಲ. ಬ್ಯಾರೆ ಕಡೆ ತಗೋರಿ. ಹೋಗಿ ಹಸಿ ಹಪ್ಪಳ ಆಗ್ರಿ."

"ತಗೋತೀನಿ," ಎಂದು ಅವನು ಗಾಡಿ ಹತ್ತಿದ.

ಪೀಡೆ ತೊಲಗಿತು ಅಂತ ಅವಳಿಗೆ ಹಾಯೆನಿಸಬೇಕಿತ್ತು. ಅನಿಸಲಿಲ್ಲ. ಆ ವಾರವಿಡೀ ಅವಳು ಅಪ್ಪನ ಮೇಲೆ ರೇಗಿದಳು, ಮಷಿನ್ನಿನ ಮೇಲೆ ರೇಗಿದಳು. ಅವನ ಮೇಲೆ ರೇಗಬೇಕೆಂದರೆ ಅವನೇ ಎದುರಿಗಿರಲಿಲ್ಲ. ಇದಕ್ಕೆ ಏನನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಇನ್ನಷ್ಟು ಸಿಟ್ಟು ತರಿಸಿತು.

ಹೊರಡುವ ಹಿಂದಿನ ದಿನ ಅವನು ಬಂದ. ನಾಲ್ಕು ಸಲ ಸೀನಿದ ಮೇಲೆ ಮಾತು ಬಂತು.

"ಆ ಎರಡನೇದು ಐತೇನ್ರಿ?"

"ಯಾಕ? ಹಗುರಿಂದು ಸಿಗಲಿಲ್ಲೇನು?"

"ಸಿಕ್ತು. ಮಾಳಗಿ ಮ್ಯಾಲ ಮಲಗಿ ನೋಡಿದ್ನಿ. ಬೆಳಗಾಗೂದ್ರಾಗ ಒಳಗೆಲ್ಲ ನೀರ. ನಗ್ರಿ ಈಗ."

ಅವಳಿಗೆ ನಗು ಬರಲಿಲ್ಲ. ಚೀಲವನ್ನು ನೆಲದ ಮೇಲೆ ಹಾಸಿದಳು. ಅವನು ಒಳಗೆ ತೂರಿ, ತಲೆಯ ಹತ್ತಿರ ಕೈಯಾಡಿಸಿ, ಏನನ್ನೋ ಹಿಡಿದು ಮೇಲೆತ್ತಿದ. ಕೂದಲಿಗೆ ಹಾಕುವ ಒಂದು ಕಪ್ಪು ಕ್ಲಿಪ್ಪು.

"ಇದು ಹೊಸಾ ಮಾಲೇನ್ರಿ?" ಅವನ ದನಿ ಏರಿತು. "ಯಾರೋ ಮಲಗಿ ಬಿಟ್ಟಿದ್ದನ್ನ ನನಗ ಮಾರಾಕತ್ತೀರಿ!"

"ಯಾರೋ ಅಲ್ಲ. ನಾನ ಮಲಗಿದ್ನಿ."

"ನೀವ?"

"ಹೌದು, ಮೂರ ರಾತ್ರಿ. ನಮ್ಮ ಮಾಳಗಿ ಮ್ಯಾಲ. ನಾನ ಒಳಗಿದ್ದಾಗ ಅಪ್ಪನ ಕಡಿಂದ ಮ್ಯಾಲ ಎರಡ ಕೊಡ ನೀರ ಸುರಿಸಿದ್ನಿ. ಒಂದ ಹನಿ ಒಳಗ ಬರಲಿಲ್ಲ. ಬೆವರೂ ಕಟ್ಟಲಿಲ್ಲ."

"ಯಾಕ್ರಿ?"

"ಯಾಕಂತ ಕೇಳ್ತಾನ ನೋಡು! ಕಂಪನಿಯವ ಬರದದ್ದಷ್ಟ ನಂಬಿ ಆ ಕಲ್ಲಿನ ಮ್ಯಾಲ ಕಳಸ್ಲೇನ? ನೀ ಅಲ್ಲೇ ಸತ್ರ ನಾ ಯಾರ ಜೋಡಿ ಜಗಳಾಡ್ಲಿ?"

ಅಂದಮೇಲೆ ಅವಳಿಗೇ ಕೇಳಿಸಿತು. 'ನೀವು' ಹೋಗಿ 'ನೀ' ಬಂದುಬಿಟ್ಟಿತ್ತು. ವಾಪಸ್ ತೆಗೆದುಕೊಳ್ಳಲು ಆಗುವಂಥದ್ದಲ್ಲ ಅದು. ಅವಳ ಮುಖ ಬೆಂಕಿಯಾಯಿತು, ಕಣ್ಣು ತುಂಬಿದವು.

ಸಮ್ಮೇದ ಚೀಲದೊಳಗಿಂದಲೇ ಎದ್ದು ಕುಳಿತ. ಸೀನು ಕೂಡ ನಿಂತುಹೋಗಿತ್ತು.

"ಚೀಲಾ ಫೋನಿನ್ಯಾಗೂ ಸಿಗ್ತಾವು," ಎಂದ ಮೆಲ್ಲಗೆ. "ಶಿರಗುಪ್ಪಿಯಿಂದ ಐದ ಸರತಿ ಇಲ್ಲಿಗೆ ಯಾಕ ಬಂದ್ನಿ ಅಂತ ಮಾಡೀರಿ?"

"ಜಗಳಕ್ಕ."

"ಹೂಂ. ಅದು ನನಗ ದಿನಾ ಬೇಕಾಗೇತಿ."

ಅವಳು ಮೂಗು ಒರೆಸಿಕೊಂಡು ಕೈ ಚಾಚಿದಳು. "ನನ್ನ ಕ್ಲಿಪ್ ಕೊಡ್ರಿ."

"ಇದನ್ನೂ ಕಟ್ಟಿ ಕೊಡ್ರಿ."

"ಅದು ಮಾರಾಟಕ್ಕಿಲ್ಲ."

"ಹಂಗಾರ ವಾಪಸ್ ತಂದ ಕೊಡ್ತೀನಿ. ಇಪ್ಪತ್ತನೇ ತಾರೀಖಿಗೆ."

ಸ್ನೇಹಲ ಅವನನ್ನು ಚೀಲದಿಂದ ಎಬ್ಬಿಸಿದಳು. ಕ್ಲಿಪ್ಪನ್ನು ತಾನೇ ಒಳಜೇಬಿಗೆ ಹಾಕಿ, ಚೀಲ ಸುತ್ತಿ, ಮೊಣಕಾಲು ಊರಿ ಗಾಳಿ ತೆಗೆದು, ದಾರ ಬಿಗಿದಳು. ಕೊಡುವಾಗ ಅವನ ಕೈ ತಾಗಿತು, ಇಬ್ಬರೂ ಕೈ ತೆಗೆಯಲಿಲ್ಲ.

"ಇಪ್ಪತ್ತು ಬ್ಯಾಡ," ಎಂದಳು. "ಹದಿನೆಂಟಕ್ಕ ಬಾ."