ಹಳದಿ ವೃತ್ತದೊಳಗೆ ಇಪ್ಪತ್ತು

ನನ್ನ ಎಡಗಿವಿಯೊಳಗೆ ಪಿಸ್ತೂಲಿತ್ತು!

ಕಿವಿಯ ಹತ್ತಿರ ಅಲ್ಲ ಸ್ವಾಮಿ... ಒಳಗೆ! ಇನ್ನೊಂದು ಕೂದಲೆಳೆಯಷ್ಟು ಒತ್ತಿದ್ದರೆ ಅದರ ಮೂತಿ ಬಲಗಿವಿಯಿಂದ ಇಣುಕುತ್ತಿತ್ತು.

ಮಟಮಟ ಮಧ್ಯಾಹ್ನ. ಮಿಲಿಟರಿ ಲಾರಿಯೊಂದರ ಕ್ಯಾಬಿನ್ನಿನ ನೆಲದ ಮೇಲೆ ನಾನು ಬಟ್ಟೆಗಂಟಿನ ಹಾಗೆ ಮುದುಡಿ ಬಿದ್ದಿದ್ದೆ. ಪಿಸ್ತೂಲು ಹಿಡಿದವನು ಬೋಳ. ಕದ್ದ ಯೂನಿಫಾರಂ ತೊಟ್ಟು ನನ್ನ ಬೆನ್ನನ್ನೇ ಕಾಲುಮಣೆ ಮಾಡಿಕೊಂಡಿದ್ದ. ಸ್ಟೀರಿಂಗ್ ಹಿಡಿದವರು ನನ್ನ ಭಾವ. ಅಕ್ಕನ ಗಂಡ.

ನನ್ನ ವಿಷಯ ನಿಮಗೆ ಗೊತ್ತಲ್ಲ? ಕಳೆದುಹೋದವರನ್ನು ಹುಡುಕುವುದು ನನ್ನ ಕಸುಬು. ಪಾತಾಳದಲ್ಲಿ ಅಡಗಿದ್ದರೂ ಜುಟ್ಟು ಹಿಡಿದು ತರುತ್ತೇನೆ. ಪೊಲೀಸರೇ ತಮ್ಮ ನಾಯಿ ಕಳೆದುಹೋದರೆ ನನ್ನ ಬಳಿ ಬರುತ್ತಾರೆ! ಆದರೆ ಈ ಸಲ ಬಂದವಳು ಅಕ್ಕ.

"ನಿಮ್ಮ ಭಾವ ಮನೆಗೆ ಬಂದಿಲ್ಲ ಕಣೋ. ನಿನ್ನ ಬಡಾಯಿ ಆಮೇಲೆ ಕೊಚ್ಕೋ. ಮೊದಲು ಅವರನ್ನ ಜೀವಸಹಿತ ಕರ್ಕೊಂಡು ಬಾ."

ಹುಡುಕಿದೆ. ಊರಾಚೆಯ ಮರದ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಸಿಕ್ಕಿದರು. ಕಿಟಕಿ ಹಾರಿ ಒಳಗೆ ಇಳಿದೆ, ಐದು ಜನರನ್ನು ಕೆಡವಿದೆ. ಸರಿ... ಇಬ್ಬರನ್ನು. ಆರನೆಯವನು ಹಿಂದಿನಿಂದ ಸ್ಪ್ಯಾನರ್ ಬೀಸಿದ!

ಆ ಗ್ಯಾಂಗಿನ ಯಜಮಾನ ಮೀಸೆ. ಹೆಸರಷ್ಟೇ ಮೀಸೆ, ಮುಖ ಮೊಟ್ಟೆಯಷ್ಟು ನುಣುಪು. ಸೇನೆಯ ಕ್ರೇನ್ ಲಾರಿಯೊಂದನ್ನು ಹಾರಿಸಿಕೊಂಡು ಬಂದಿದ್ದ. ಅದನ್ನು ನದಿ ದಾಟಿಸಬೇಕಿತ್ತು. ಅಂಥ ಗಾಡಿ ಓಡಿಸಲು ಬರುವ ಮಾಜಿ ಮಿಲಿಟರಿ ಡ್ರೈವರ್ ಬೇಕಿತ್ತು. ಅದಕ್ಕೇ ಭಾವ. ಅವರು ತರಲೆ ಮಾಡಿದರೆ ಕೊಲ್ಲಲು ಒಬ್ಬ ಸಂಬಂಧಿ ಬೇಕಿತ್ತು. ನಾನೇ ನನ್ನ ಕಾಲಲ್ಲಿ ನಡೆದುಕೊಂಡು ಹೋಗಿ ಸಿಕ್ಕಿದ್ದೆ!

ದೊಡ್ಡ ಸೇತುವೆಯಲ್ಲಿ ಪೊಲೀಸ್ ತಪಾಸಣೆ. ಉಳಿದದ್ದು ಸೇನೆಯ ಕಾವಲಿದ್ದ ಹಳೇ ಕಬ್ಬಿಣದ ಸೇತುವೆ.

ಮಿಲಿಟರಿ ಗಾಡಿಗಳ ಮೂತಿಯ ಮೇಲೆ ಹಳದಿ ವೃತ್ತ, ಅದರೊಳಗೆ ಕಪ್ಪು ಅಂಕಿ ನೋಡಿದ್ದೀರಾ? ಆ ಗಾಡಿ ಸೇತುವೆಯ ಮೇಲೆ ಎಷ್ಟು ಭಾರ ಹಾಕುತ್ತದೆ ಎನ್ನುವ ದರ್ಜೆ ಅದು. ಸೇತುವೆಯ ಬಾಯಲ್ಲೂ ಅಂಥದೇ ಒಂದು ಬೋರ್ಡು. ಗಾಡಿಯ ಅಂಕಿ ಸೇತುವೆಯ ಅಂಕಿಯನ್ನು ಮೀರಬಾರದು. ಅಷ್ಟೇ.

ಸೇತುವೆ ಇಪ್ಪತ್ನಾಲ್ಕು. ನಮ್ಮ ಲಾರಿ ಮೂವತ್ತು!

ಮೀಸೆ ಏನು ಮಾಡಿದ ಗೊತ್ತಾ? ಮೂವತ್ತು ಅಳಿಸಿ ಇಪ್ಪತ್ತು ಬರೆಸಿದ. ಕದ್ದ ಕಾರಿನ ನಂಬರ್ ಪ್ಲೇಟ್ ಬದಲಾಯಿಸಿ ಅಭ್ಯಾಸ ನೋಡಿ!

"ಅಂಕಿ ಇಳಿಸಿದ್ರೆ ಭಾರ ಇಳಿಯುತ್ತೇನ್ರೀ?" ಎಂದರು ಭಾವ.

"ಹಾಗಾದ್ರೆ ದಾಟೋಕೇ ಆಗಲ್ವಾ?" ಮೀಸೆ ಕೇಳಿದ.

"ಆಗುತ್ತೆ. ಸೇತುವೆ ಮೇಲೆ ನಾವೊಬ್ರೇ ಇರಬೇಕು. ನಟ್ಟನಡುವೆ, ನಡಿಗೆ ವೇಗದಲ್ಲಿ ಹೋಗಬೇಕು. ಬ್ರೇಕ್ ಮುಟ್ಟಬಾರದು, ಗೇರ್ ಬದಲಾಯಿಸಬಾರದು. ಮೂವತ್ತು ಅಂತ ಇದ್ದು, ವಿಶೇಷ ಅಪ್ಪಣೆ ಮೇಲೆ ದಾಟಿದ್ರೆ ಕಾವಲಿನವ್ರೇ ಬೇರೆ ಗಾಡಿ ತಡೀತಿದ್ರು. ಈಗ ನೀವೇ ತಡ್ಕೋಬೇಕು. ನಾನು ದಾಟೋವರೆಗೂ ನಿಮ್ಮ ಜೀಪು ಈಚೆ ದಡದಲ್ಲೇ ಇರಲಿ."

ಮೀಸೆ ನಕ್ಕ. "ನಾನು ಈಚೆ ನಿಂತ್ಕೊಂಡು ಟಾಟಾ ಮಾಡ್ಲಾ? ನೀನು ಲಾರಿ ಸಮೇತ ಪರಾರಿ ಆಗು! ನಿನ್ನ ಬಾಲ ಬಿಡಲ್ಲ ನಾನು."

ಕಳ್ಳನಿಗೆ ನಂಬಿಕೆಯ ಪಾಠ ಹೇಳುವುದು ಹೇಗೆ?

ಸೇತುವೆ ಬಂತು. ನೆಲದಲ್ಲಿ ಬಿದ್ದಿದ್ದ ನನಗೆ ಕಾವಲಿನವನ ದನಿ ಮಾತ್ರ ಕೇಳಿಸಿತು.

"ಇಪ್ಪತ್ತು... ಹೋಗಿ, ಹೋಗಿ! ಹಿಂದಿನ ಜೀಪೂ ನಿಮ್ದೇನಾ? ಬರಲಿ ಬರಲಿ!"

ಕೂಗಿಬಿಡೋಣ ಎನಿಸಿತು. ಬೋಳ ಪಿಸ್ತೂಲನ್ನು ಕಿವಿಯಲ್ಲಿ ಕೀಲಿಯಂತೆ ತಿರುಗಿಸಿದ.

ಲಾರಿ ಸೇತುವೆಗೆ ಹಾಸಿದ್ದ ಮರದ ಹಲಗೆಯ ಮೇಲೆ ಹತ್ತಿತು.

ಕಿರ್ರ್... ಅಂದಿತು ಸೇತುವೆ.

"ಬೇಗ ಓಡ್ಸೋ!" ಬೋಳ ಕಿರುಚಿದ.

"ನಡಿಗೆ ವೇಗ," ಎಂದರು ಭಾವ.

ಅವರ ಬೂಟು ನನ್ನ ಮೂಗಿನ ಹತ್ತಿರವೇ ಇತ್ತು. ಆಕ್ಸಿಲರೇಟರಿನ ಮೇಲೆ ಕಲ್ಲಿನ ಹಾಗೆ ಕೂತಿತ್ತು. ನಾನು ಸಾವನ್ನು ನೂರು ಸಲ ಎದುರಿಸಿದವನು. ನನ್ನ ಕಾಲು ಗಡಗಡ ನಡುಗುತ್ತಿತ್ತು! ಆ ಕಾಲು ಮಾತ್ರ ಅಲುಗಲಿಲ್ಲ.

ಹಿಂದೆ ಜೀಪಿನ ಹಾರ್ನ್. ಒಂದೇ ಸಮನೆ.

"ಬಾಲಕ್ಕೇ ಅಂಟ್ಕೊಂಡಿದಾನೆ ಮುಂಡೇಮಗ," ಭಾವ ಕನ್ನಡಿ ನೋಡಿ ಗೊಣಗಿದರು.

ನಟ್ಟನಡುವೆ ಬಂದೆವು. ಟಣ್! ಕೆಳಗೆಲ್ಲೋ ಸೇತುವೆಯ ಒಂದು ರಿವೆಟ್ ಮೊಳೆ ಗುಂಡಿನಂತೆ ಸಿಡಿಯಿತು. ಇನ್ನೊಂದು... ಮತ್ತೊಂದು!

ಬೋಳ ಬೆವೆತುಹೋದ. "ನಿಲ್ಸೋ! ನಾನು ಇಳೀತೀನಿ!"

"ನಿಲ್ಸಿದ್ರೆ ಎಲ್ಲರೂ ಇಳೀತೀವಿ. ಸೀದಾ ನೀರಿಗೆ."

ಬೋಳ ಕೇಳಲಿಲ್ಲ. ಹ್ಯಾಂಡ್‌ಬ್ರೇಕಿಗೆ ಕೈ ಹಾಕಿ ಎಳೆದೇಬಿಟ್ಟ!

ಲಾರಿ ಜಗ್ಗಿತು. ಅಷ್ಟೂ ಭಾರ ಮುಂದಕ್ಕೆ ನುಗ್ಗಿತು. ಸೇತುವೆ ಹೆರಿಗೆನೋವು ತಿನ್ನುವವಳ ಹಾಗೆ ನರಳಿತು.

ಎಳೆಯುವ ಭರದಲ್ಲಿ ಪಿಸ್ತೂಲು ನನ್ನ ಕಿವಿ ಬಿಟ್ಟಿತ್ತು. ಅಷ್ಟು ಸಾಕು! ಬೋಳನ ಮೀನಖಂಡಕ್ಕೆ ಬಾಯಿ ಹಾಕಿದೆ. ಮೊಸಳೆಯೂ ನಾಚಬೇಕು ಅಂಥ ಕಚ್ಚು! ಅವನು ಅರಚಿದ. ಎದ್ದು ಅವನ ಮಣಿಕಟ್ಟು ಹಿಡಿದು ತಿರುಚಿದೆ.

ಢಂ!

ಕ್ಯಾಬಿನ್ ತುಂಬ ಹೊಗೆ. ಕಿವಿ ಕಿವುಡಾಯಿತು.

"ಭಾವ!"

"ಏನಿಲ್ಲ ಕಣೋ. ಗಾಜಿಗೆ ಬಿತ್ತು. ನೀನು ಬ್ರೇಕ್ ಬಿಡು!"

ಹ್ಯಾಂಡ್‌ಬ್ರೇಕ್ ಕೆಳಗೆ ಒತ್ತಿದೆ. ಬಾಗಿಲಿಗೆ ಒದ್ದೆ, ಬೋಳನಿಗೂ ಒದ್ದೆ. ಬಾಗಿಲು ತೆರೆಯಿತು, ಬೋಳ ಹೋದ. ಹಲಗೆಯ ಮೇಲೆ ಉರುಳಿ ಜೀಪಿನ ಮುಂದೆ ಬಿದ್ದ. ಮೀಸೆ ಗಕ್ಕನೆ ಬ್ರೇಕ್ ಹಾಕಿದ.

ಸೇತುವೆಗೆ ಅಷ್ಟೇ ಬಾಕಿ ಇತ್ತು.

ನಮ್ಮ ಹಿಂದಿನ ಹಲಗೆಗಳು ಒಂದೊಂದಾಗಿ ಎದ್ದು ನಿಂತವು. ಜೀಪಿನ ಮೂತಿ ಆಕಾಶ ನೋಡಿತು. ಮೀಸೆ ಕೈ ಎತ್ತಿ ಏನೋ ಕೂಗಿದ... ಆಮೇಲೆ ಅಲ್ಲಿ ಜೀಪೂ ಇರಲಿಲ್ಲ, ಬೋಳನೂ ಇರಲಿಲ್ಲ. ಬರೀ ಆಕಾಶ!

"ಓಡ್ಸಿ ಭಾವ! ಓಡ್ಸಿ!"

"ನಡಿಗೆ ವೇಗ..." ಎಂದರು ಭಾವ. ದನಿ ಯಾಕೋ ತೆಳ್ಳಗಾಗಿತ್ತು. "ಹೆದರ್ಬೇಡ್ವೋ. ನಿಮ್ಮಕ್ಕನ ಕೈಲಿ ಬೈಸ್ಕೊಳ್ಳೋದಕ್ಕಿಂತ ಇದು ಸಲೀಸು."

ನಕ್ಕೆ. ದೇವರಾಣೆ, ಜೋರಾಗಿ ನಕ್ಕೆ.

ನೆಲ ಹಿಂದಕ್ಕೆ ವಾಲುತ್ತಿತ್ತು. ಲಾರಿ ಆಮೆಯ ಹಾಗೆ ಏರು ಹತ್ತಿತು. ಮುಂದಿನ ಚಕ್ರ ಮಣ್ಣು ಮುಟ್ಟಿತು. ಆಮೇಲೆ ಹಿಂದಿನವು. ನಮ್ಮ ಬೆನ್ನಿಗೇ ಸೇತುವೆಯ ಇಡೀ ಅಂಕಣ ಕಳಚಿ ನದಿಗೆ ಬಿತ್ತು. ನೀರು ಮುಗಿಲಿಗೆ ಚಿಮ್ಮಿತು!

ಲಾರಿ ನಾಲ್ಕು ಮಾರು ಮುಂದೆ ಹೋಗಿ ಗಡಗಡ ಸದ್ದು ಮಾಡಿ, ಎಂಜಿನ್ ಆರಿ, ತಾನೇ ನಿಂತಿತು.

"ಗೆದ್ವಿ ಭಾವ! ಇದನ್ನ ನಾನು ಹೇಳೋ ರೀತಿ ನೋಡಿ ಇನ್ನು! ಹತ್ತು ಜೀಪು, ನೂರು ಜನ..."

ಗುಂಡು ತೂರಿದ ತೂತು ಹುಡುಕಿದೆ.

ಮುಂದಿನ ಗಾಜು ನೋಡಿದೆ. ಪಕ್ಕದ ಗಾಜು ನೋಡಿದೆ. ಎಲ್ಲೂ ಒಂದು ಗೀರೂ ಇರಲಿಲ್ಲ.

ಭಾವನ ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು. ಕಾಲು ಆಕ್ಸಿಲರೇಟರಿನ ಮೇಲೇ ಇತ್ತು, ಒತ್ತು ಮಾತ್ರ ಇರಲಿಲ್ಲ. ಪಕ್ಕೆಯಿಂದ ಇಳಿದ ರಕ್ತ ಸೀಟು ತುಂಬಿ, ಬೂಟು ತುಂಬಿ, ನಾನು ಮುದುಡಿ ಬಿದ್ದಿದ್ದ ಜಾಗಕ್ಕೆ ಬಂದಿತ್ತು.

ಹೆಗಲು ಅಲುಗಿಸಿದೆ. ತಲೆ ನನ್ನ ಕಡೆಗೆ ವಾಲಿತು.

ಈ ದಡದ ಕಾವಲಿನಲ್ಲಿದ್ದ ಸೇನೆಯ ಅಧಿಕಾರಿಯೊಬ್ಬ ಏದುಸಿರು ಬಿಡುತ್ತ ಓಡಿ ಬಂದ. ಮುರಿದ ಸೇತುವೆ ನೋಡಿದ. ಕ್ರೇನ್ ಸುತ್ತ ಒಂದು ಸುತ್ತು ಹಾಕಿದ.

"ಅಬ್ಬಾ! ಒಂದು ಬೋಲ್ಟೂ ಸಡಿಲ ಆಗಿಲ್ಲ! ಯಾರ್ರೀ ಆ ಡ್ರೈವರ್? ಕೆಳಗೆ ಇಳಿಯೋಕೆ ಹೇಳಿ, ಕೈ ಕುಲುಕಬೇಕು ನಾನು."

"ಅವರೊಬ್ರೇ ಇಳಿಯೋಕಾಗಲ್ಲ ಸಾರ್," ಎಂದೆ. "ನಾಲ್ಕು ಜನರನ್ನ ಕರೆಸಿ."